ಅಂಚೆಪೆಟ್ಟಿಗೆಗೆ ಬಾಡಿಗೆ ಕೊಡಬೇಕೆ?

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರಲ್ಲಿ ಕೆಲವರು ಇತ್ತೀಚೆಗೆ ಒಂದು ಪ್ರಶ್ನೆ ಹಾಕುತ್ತಿದ್ದಾರೆ: "ಪುಕ್ಕಟೆ ಸಿಗುವ ಇಮೇಲಿಗೆ ದುಡ್ಡು ಕೊಡುವುದು ಯಾಕ್ರಿ, ಕಾರ್ಯದರ್ಶಿಗಳೇ?" ಎಲ್ಲರಿಗೂ ಬೇಡ. ಫೋನು ಮತ್ತು ಅಂಚೆಯಣ್ಣನಿಂದಲೇ ವ್ಯವಹಾರ ಸಾಗುವವರು ನಿಶ್ಚಿಂತೆಯಿಂದಿರಬಹುದು. ಆದರೆ ಬ್ಯಾಂಕು, ವಿಮೆಯ ಕಾಗದಗಳು ಇಮೇಲಿಗೇ ಬರುವವರು ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಅನುಭವಿಸಿದ ಮೇಲೆ ಬಂದ ಬುದ್ಧಿ ಇದು.

ನನ್ನ ವಾಸ ಉಣಕಲ್ಲಿನಲ್ಲಿ, ತೋಟ ಯಲ್ಲಾಪುರದ ಕಡೆ. ಕಾಗದ ಒಂದು ಕಡೆ ಬಂದರೆ ನಾನು ಇನ್ನೊಂದು ಕಡೆ ಇರುತ್ತೇನೆ. ಹಾಗಾಗಿ ಎಲ್ಲದಕ್ಕೂ ಇಮೇಲ್ ವಿಳಾಸವನ್ನೇ ಕೊಟ್ಟಿದ್ದೆ. ಆ ಉಚಿತ ವಿಳಾಸವನ್ನು ಮಗ ತನ್ನ ಮೊಬೈಲ್ ನಂಬರು ಹಾಕಿ ಮಾಡಿಕೊಟ್ಟಿದ್ದ. ಮುಂದೆ ಅವನು ನಂಬರು ಬದಲಿಸಿದ, ನಾನು ಹೊಸ ಫೋನು ಕೊಂಡೆ, ಪಾಸ್‌ವರ್ಡು ಮರೆತಿತ್ತು. ಓಟಿಪಿ ಹಳೆಯ ನಂಬರಿಗೇ ಹೋಗುತ್ತಿತ್ತು. ಏಳು ವಾರ ನನ್ನ ಪೆಟ್ಟಿಗೆ ನನಗೇ ತೆರೆಯಲಿಲ್ಲ. ಬೆಳೆಸಾಲದ ಗಡುವಿನ ನೆನಪೋಲೆ ಅದರೊಳಗೆ, ಗಡುವು ಬರೆದಿಟ್ಟ ಕ್ಯಾಲೆಂಡರೂ ಅದರೊಳಗೆ! ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆಂದು ಊರಿಗೆಲ್ಲ ಹೇಳುವ ಕಾರ್ಯದರ್ಶಿಯೇ ಬಡ್ಡಿ ತೆತ್ತ. ತಪ್ಪು ನನ್ನದೇ, ಒಪ್ಪಿದೆ. ಆದರೆ ಕೇಳಲು ಒಬ್ಬ ಮನುಷ್ಯನೂ ಸಿಗಲಿಲ್ಲ. ಪುಕ್ಕಟೆ ಊಟಕ್ಕೆ ಕೂತವನು ಉಪ್ಪು ಕಡಿಮೆ ಎನ್ನುವಂತಿಲ್ಲವಲ್ಲ.

ಉಚಿತ ಸೇವೆ ನಿಂತುಹೋಗುವುದೂ ಉಂಟು. ಇಂಡಿಯಾಟೈಮ್ಸ್ ಇಮೇಲ್ 2013ರಲ್ಲಿ ಮುಚ್ಚಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು 2023ರ ಡಿಸೆಂಬರಿನಿಂದ ಅಳಿಸುವುದಾಗಿ ಗೂಗಲ್ ಪ್ರಕಟಿಸಿತು.

ಆರಿಸುವುದು ಹೇಗೆ? ಬೆಲೆ ದೊಡ್ಡ ಮಾತಲ್ಲ. ಸಣ್ಣ ಯೋಜನೆಯಾದರೆ ವರ್ಷದ ಬಾಡಿಗೆ ಕೊನೆಗೌಡರ ಒಂದೆರಡು ದಿನದ ಸಂಬಳದಷ್ಟಾದೀತು. ನಾಳೆ ಬಿಟ್ಟುಹೋಗುವುದಾದರೆ ಪತ್ರಗಳನ್ನೂ ಕ್ಯಾಲೆಂಡರನ್ನೂ ಕಟ್ಟಿಕೊಂಡು ಹೋಗಲು ಬರುತ್ತದೆಯೇ ಎಂಬುದನ್ನು ಮೊದಲು ನೋಡಿ. ದುಡ್ಡು ಕೊಡುವ ಮೊದಲೇ ಸಹಾಯವಾಣಿಗೆ ಒಂದು ಪ್ರಶ್ನೆ ಕಳಿಸಿ, ಉತ್ತರಕ್ಕೆ ಎಷ್ಟು ದಿನ ಹಿಡಿಯಿತೆಂದು ಎಣಿಸಿ.

ಗುಟ್ಟು ಕಾಯುವ ಸೇವೆ ಬೇಕೆನ್ನುವವರು 2014ರಲ್ಲಿ ಸರ್ನ್ ವಿಜ್ಞಾನಿಗಳು ಆರಂಭಿಸಿದ ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲನ್ನು ಹೊಗಳುತ್ತಾರೆ. ಅದು ಒಳ್ಳೆಯದೇ. ಆದರೆ ಒಂದು ಖಾಸಗಿ ಕಂಪನಿಯ ಮಹಿಳಾ ಸಿಬ್ಬಂದಿಯ ಬಗ್ಗೆ ಅದರ ಮೂಲಕ ಅಶ್ಲೀಲ ಪತ್ರಗಳು ಬಂದ ಪ್ರಕರಣದಲ್ಲಿ, ಅದನ್ನು ದೇಶದಲ್ಲಿ ನಿರ್ಬಂಧಿಸಲು ಕ್ರಮ ಕೈಗೊಳ್ಳುವಂತೆ ನಮ್ಮ ಕರ್ನಾಟಕ ಹೈಕೋರ್ಟು 2025ರ ಏಪ್ರಿಲ್ 29ರಂದು ಕೇಂದ್ರಕ್ಕೆ ನಿರ್ದೇಶನ ನೀಡಿತು. ಯಾರೋ ಮಾಡಿದ ಕೇಡಿಗೆ ನನ್ನ ಪೆಟ್ಟಿಗೆಗೂ ಬೀಗ ಬೀಳಬಹುದೆಂಬ ಎಣಿಕೆ ಇರಲಿ. ನಮ್ಮ ದೇಶದ ಜೋಹೋ ಕಂಪನಿಯ ಸೇವೆಗೆ ಚೆನ್ನೈ, ಮುಂಬೈಗಳಲ್ಲಿ ಡೇಟಾ ಕೇಂದ್ರಗಳಿವೆ. ನಾನು ಅದನ್ನೇ ಹಿಡಿದಿದ್ದೇನೆ. ನೀವೂ ಹಿಡಿಯಿರೆಂದು ಹೇಳುತ್ತಿಲ್ಲ.

ಕ್ಯಾಲೆಂಡರಿನ ಉಪಯೋಗ ನಾನೆಣಿಸಿದ್ದಕ್ಕಿಂತ ಹೆಚ್ಚು. ಗೋಡೆಯ ಪಂಚಾಂಗ ಏಕಾದಶಿ, ಅಮಾವಾಸ್ಯೆ ಹೇಳೀತು. ಮಳೆಗೆ ಮುಂಚೆ ಅಡಿಕೆಗೆ ಬೋರ್ಡೋ ಹೊಡೆದ ದಿನ ಬರೆದಿಟ್ಟರೆ, 40-45 ದಿನಕ್ಕೆ ಎರಡನೆಯ ಸಲದ ನೆನಪು ಉಣಕಲ್ಲಿನಲ್ಲಿ ನನ್ನ ಫೋನಿನಲ್ಲೂ, ತೋಟದಲ್ಲಿ ನಮ್ಮ ಮೇಸ್ತ್ರಿಯ ಫೋನಿನಲ್ಲೂ ಒಟ್ಟಿಗೆ ಗಂಟೆ ಬಾರಿಸುತ್ತದೆ. ಮಳೆ ಬಿಡುವು ಕೊಡಬೇಕು, ಆ ಮಾತು ಬೇರೆ. ವಿಮಾ ಕಂತು, ಸಾಲದ ಗಡುವುಗಳನ್ನು ಮನೆಯವರ ಕ್ಯಾಲೆಂಡರಿಗೂ ಹಂಚಿದ್ದೇನೆ. ಈಗ ಅವರೇ ಮೊದಲು ಎಚ್ಚರಿಸುತ್ತಾರೆ.

ಸ್ವಂತ ಹೆಸರಿನ ಡೊಮೇನು ಕೊಂಡರೆ ಸೇವೆ ಬದಲಿಸಿದರೂ ವಿಳಾಸ ಬದಲಾಗದು. ಆದರೆ ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಮರೆತರೆ ನಿಮ್ಮ ಹೆಸರು ಇನ್ನೊಬ್ಬರ ಪಾಲಾದೀತು, ಪತ್ರಗಳೂ ಅವರ ಕೈಗೇ ಹೋದಾವು. ಆ ಜವಾಬ್ದಾರಿ ಒಲ್ಲದವರು ಕೈ ಹಾಕಬೇಡಿ.

ಬದಲಿಸುವವರು ಹಳೆಯ ವಿಳಾಸವನ್ನು ತಕ್ಷಣ ಮುಚ್ಚದೆ ಒಂದು ವರ್ಷವಾದರೂ ಇಟ್ಟುಕೊಳ್ಳಿ, ಆಗಾಗ ತೆರೆದು ನೋಡಿ. ಅದಕ್ಕೂ ಮುಂಚೆ, ಅದಕ್ಕೆ ಜೋಡಿಸಿದ ಮೊಬೈಲ್ ನಂಬರು ಯಾರದೆಂದು ಇವತ್ತೇ ಮನೆಯಲ್ಲಿ ವಿಚಾರಿಸಿ.