ಊರು ಕೇಳಿ ಸಂಬಳ ಹೇಳುವವರು

ಕನ್ನಡದ ಹುಡುಗರೇ, ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಬೆಂಗಳೂರಿನಲ್ಲಿ ಕೆಲಸ ಕೇಳಿಕೊಂಡು ಹೋದಾಗ ನಿಮ್ಮನ್ನು ಮೊದಲು ಕೇಳಿದ್ದೇನು? ಏನು ಓದಿದ್ದೀಯ ಅಂತಲೇ? ಯಾವ ಮಷಿನ್ ಗೊತ್ತು ಅಂತಲೇ? ಅಲ್ಲ ಸ್ವಾಮಿ. "ಯಾವೂರಪ್ಪ ನಿಂದು?" ನೀವು ಸಂತೋಷದಿಂದ ಊರಿನ ಹೆಸರು ಹೇಳಿದಿರಿ. ಸಿಂದಗಿ, ಹಿರೇಕೆರೂರು, ಪಾವಗಡ, ಮಾನ್ವಿ. ಅಷ್ಟರಲ್ಲಿ ಎದುರಿಗೆ ಕೂತಿದ್ದವನ ತಲೆಯಲ್ಲಿ ನಿಮ್ಮ ಸಂಬಳ ಅಚ್ಚಾಗಿ ಹೋಗಿತ್ತು.

ಇದು ನನಗೆ ಹೇಗೆ ಗೊತ್ತು? ನಾನೇ ಹಾಗೆ ಕೇಳಿದವನು.

ನನ್ನದು ಐದಾರು ಜನರ ಪುಟ್ಟ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ರಾಜ್ಯೋತ್ಸವದ ಪೋಸ್ಟರು. ಆಫ್‌ಸೆಟ್ ಮಷಿನ್ನಿಗೆ ಒಬ್ಬ ಹುಡುಗ ಬೇಕಾಗಿದ್ದ. ಮೊದಲು ಬಂದವನು ಇಲ್ಲೇ ರಾಜಾಜಿನಗರದಲ್ಲಿ ಹುಟ್ಟಿ ಬೆಳೆದವನು. ಇಪ್ಪತ್ತೆರಡು ಸಾವಿರ ಕೇಳಿದ, ಇಪ್ಪತ್ತಕ್ಕೆ ಮಾತು ಮುಗಿಯಿತು. ಸೋಮವಾರ ಬರುತ್ತೇನೆ ಅಂದವನು ಬರಲೇ ಇಲ್ಲ. ಮರುವಾರ ಇನ್ನೊಬ್ಬ ಬಂದ. ಅದೇ ಮಷಿನ್, ಅದೇ ಕೆಲಸ, ಅನುಭವ ನೋಡಿದರೆ ಇವನಿಗೇ ಒಂದು ವರ್ಷ ಜಾಸ್ತಿ. "ಯಾವೂರಪ್ಪ?" ಅಂದೆ. "ಸಿಂದಗಿ ಕಡೆ ರೀ ಸರ" ಅಂದ. ನನ್ನ ಬಾಯಲ್ಲಿ ತಾನಾಗಿಯೇ ಬಂತು: "ಹದಿನೇಳು ಕೊಡ್ತೀನಿ ನೋಡಪ್ಪ." ಅವನು ಮುಖ ಅರಳಿಸಿ "ಆತ್ರೀ" ಅಂದ. ಅವನಿಗೆ ಉಪಕಾರ ಮಾಡಿದೆ ಅಂತ ಅವತ್ತು ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ!

ಮೂರು ತಿಂಗಳಾದ ಮೇಲೆ ವೇಸ್ಟ್ ಶೀಟಿನ ಹಿಂದೆ ಅವನು ಪೆನ್ಸಿಲ್ಲಿನಲ್ಲಿ ಬರೆದಿದ್ದ ಲೆಕ್ಕ ಕಣ್ಣಿಗೆ ಬಿತ್ತು. ಮೂರು ಜನ ಹಂಚಿಕೊಂಡ ಪಿಜಿ ಕೋಣೆಗೆ 7,500. ಮಧ್ಯಾಹ್ನದ ಊಟ, ಎರಡು ಹೊತ್ತು ಟೀ ಸೇರಿ ದಿನಕ್ಕೆ ನೂರರಂತೆ 26 ದಿನಕ್ಕೆ 2,600. ಬಸ್ ಪಾಸು 1,200. ಮೊಬೈಲ್ ರೀಚಾರ್ಜ್ 350. ಎರಡು ತಿಂಗಳಿಗೊಮ್ಮೆ ಊರಿಗೆ ಹೋಗಿಬರುವ ಖರ್ಚು ತಿಂಗಳಿಗೆ ಹಂಚಿದರೆ 700. ಒಟ್ಟು 12,350. ಊರಿಗೆ ಕಳಿಸುವುದು 4,000. ಉಳಿದದ್ದು 650 ರೂಪಾಯಿ. ಆ 650ರಲ್ಲಿ ಸೋಪು, ಚಪ್ಪಲಿ, ಜ್ವರ ಬಂದರೆ ಮಾತ್ರೆ, ಒಂದು ಸಿನಿಮಾ. ನಾನು ಪಿಯುಸಿಗೆ ಓದು ಬಿಟ್ಟವನು, ಆದರೂ ಈ ಲೆಕ್ಕ ಅರ್ಥವಾಗುವುದಕ್ಕೆ ಅಷ್ಟೇ ಸಾಕಾಯಿತು. ಪಿಜಿಯವನು ಸಿಂದಗಿ ಹುಡುಗ ಅಂತ ಬಾಡಿಗೆಯಲ್ಲಿ ಒಂದು ರೂಪಾಯಿ ಬಿಟ್ಟಿಲ್ಲ. ಬಸ್ ಕಂಡಕ್ಟರ್ ಬಿಟ್ಟಿಲ್ಲ. 2025ರ ಜನವರಿಯಲ್ಲಿ ಬಿಎಂಟಿಸಿ ದರ ಏರಿದಾಗ, ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಹಾರಿದಾಗ, ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಹೆಚ್ಚಾದಾಗ ಯಾರೂ ಅವನ ಊರು ಕೇಳಲಿಲ್ಲ. ಊರು ಕೇಳಿದವನು ನಾನೊಬ್ಬನೇ. ಅವನ ಊರಿನ ಹೆಸರಿಗೆ ನಾನು ಹಾಕಿದ ದಂಡ ತಿಂಗಳಿಗೆ 3,000. ವರ್ಷಕ್ಕೆ 36,000.

ಇದೇ ನೋಡಿ ಈ ನಗರದ ನ್ಯಾಯ. ಖರ್ಚೆಲ್ಲ ದುಡಿಯುವ ಊರಿನ ಲೆಕ್ಕ, ಸಂಬಳ ಮಾತ್ರ ಹುಟ್ಟಿದ ಊರಿನ ಲೆಕ್ಕ!

ಸರ್ಕಾರ ಹೀಗೆ ಮಾಡುವುದಿಲ್ಲ ಎಂಬುದನ್ನು ನೆನಪಿಡಿ. ಕೇಂದ್ರ ಸರ್ಕಾರ ತನ್ನ ನೌಕರರ ಮನೆ ಬಾಡಿಗೆ ಭತ್ಯೆಗೆ ಊರುಗಳನ್ನು ಮೂರು ದರ್ಜೆ ಮಾಡಿದೆ. ಬೆಂಗಳೂರು ಮೊದಲನೆಯದು. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಎರಡನೆಯದು. ಉಳಿದವೆಲ್ಲ ಮೂರನೆಯದು. 2024ರ ಜನವರಿಯಿಂದ ಮೂಲ ವೇತನದ ಮೇಲೆ ಶೇಕಡಾ 30, 20, 10 ಅಂತ ಕೊಡುತ್ತಿದೆ. ನಮ್ಮ ರಾಜ್ಯದ ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ 20, 15, ಏಳೂವರೆ. ಅದೇ ಹೊತ್ತಿಗೆ ರಾಜ್ಯ ನೌಕರನ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಸಿಂದಗಿಯ ಮೇಷ್ಟ್ರು ಬೆಂಗಳೂರಿಗೆ ವರ್ಗವಾಗಿ ಬಂದರೆ ಬೆಂಗಳೂರಿನ ಬಾಡಿಗೆ ಭತ್ಯೆಯೇ ಸಿಗುತ್ತದೆ. ನಿಮ್ಮಪ್ಪನ ಹೊಲ ಎಲ್ಲಿದೆ ಅಂತ ಖಜಾನೆಯವರು ಕೇಳುವುದಿಲ್ಲ. (ದಿಲ್ಲಿಯವರು ಪೂರಾ ಸಾಚಾ ಅಂತಲೂ ಅಲ್ಲ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ದಿಲ್ಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಬಾಡಿಗೆದಾರರಿಗೆ ಸಂಬಳದ ಶೇಕಡಾ 50ರವರೆಗೆ ವಿನಾಯಿತಿ ಇಟ್ಟು, ಬೆಂಗಳೂರಿಗೆ ದಶಕಗಳ ಕಾಲ 40 ಅಂತಲೇ ಇಟ್ಟಿದ್ದರು. ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಮನೆ ಹಿಡಿಯುತ್ತಿದ್ದವರು ಅವರ ಕಣ್ಣಿಗೆ ಮಹಾನಗರದವರಾಗಿ ಕಾಣಲಿಲ್ಲ.)

ಅಮೆರಿಕದ ದೊಡ್ಡ ಕಂಪನಿಗಳ ಕಥೆಯೂ ಕೇಳಿ. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದಾಗ ಫೇಸ್‌ಬುಕ್‌ನವರು, ಅಗ್ಗದ ಊರಿಗೆ ಹೋಗಿ ನೆಲೆಸಿದರೆ ಅದಕ್ಕೆ ತಕ್ಕಂತೆ ಸಂಬಳ ಬದಲಿಸುತ್ತೇವೆ ಎಂದರು. ಅದು ಸರಿಯೋ ತಪ್ಪೋ ಎಂಬ ಜಗಳ ಬೇರೆ. ಆದರೆ ಆ ಲೆಕ್ಕವೂ ನೀನು ಈಗ ಎಲ್ಲಿ ಬದುಕುತ್ತಿದ್ದೀಯ ಎಂಬುದರ ಮೇಲೆ. ನಮ್ಮ ಲೆಕ್ಕ ಹುಟ್ಟಿನ ಮೇಲೆ.

ಇನ್ನು ನಿಮ್ಮ ಊರಿನವರ ವಿಷಯ. ಅವರನ್ನು ಬೈಯುವ ಮನಸ್ಸಿಲ್ಲ, ಆದರೆ ಹೇಳಲೇಬೇಕು. "ಮಗ ಬೆಂಗಳೂರಾಗ ಅದಾನ, ಹದಿನೇಳು ಸಾವಿರ ಪಗಾರ" ಅಂದರೆ ಅಲ್ಲಿ ಅದು ದೊಡ್ಡ ಮಾತು. ತೊಗರಿ ಕೈಕೊಟ್ಟ ವರ್ಷ ಆ ಮನೆಯಲ್ಲಿ ಅಷ್ಟು ನಗದು ಒಟ್ಟಿಗೆ ಕಂಡಿರುವುದೇ ಇಲ್ಲ. ರಾಜ್ಯದ ಆರ್ಥಿಕ ಸಮೀಕ್ಷೆ ತೆಗೆದು ನೋಡಿ. ತಲಾದಾಯದಲ್ಲಿ ಬೆಂಗಳೂರು ನಗರ ಜಿಲ್ಲೆ ತುತ್ತತುದಿಯಲ್ಲಿ, ಕಲಬುರಗಿ ಜಿಲ್ಲೆ ತಳದಲ್ಲಿ. ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಬರೆದುಕೊಟ್ಟಿತ್ತು. ಆ ಬಡತನ ಯಾರು ಮಾಡಿದ್ದು ಎಂಬುದು ಒಂದು ಪಾಪ. ಅದೇ ಬಡತನವನ್ನು ತೋರಿಸಿ ಇಲ್ಲಿ ಆ ಮನೆಯ ಮಗನಿಗೆ ಕಡಿಮೆ ಕೊಡುವುದು ಅದರ ಮೇಲಿನ ಇನ್ನೊಂದು ಪಾಪ. ಬೆಂಗಳೂರಿನಲ್ಲಿ ಸಾಲದು ಅಂತ ಹುಡುಗ ಹೇಳಿದರೆ ಊರಿನವರು "ದುಂದು ಮಾಡ್ತಾನ" ಅನ್ನುತ್ತಾರೆ. ಅವನು ಬಾಯಿ ಮುಚ್ಚುತ್ತಾನೆ. ಮಾಲೀಕರಿಗೆ ಇನ್ನೇನು ಬೇಕು?

ಒಳ್ಳೆಯ ಸಂಬಳ ಅಂದರೆ ಎಷ್ಟು ಎಂಬುದಕ್ಕೆ ಈ ದೇಶದಲ್ಲಿ ಅಳತೆಯೇ ಇಲ್ಲ ಅಂದುಕೊಂಡಿದ್ದೀರಾ? ಒಳ್ಳೆಯದಕ್ಕೆ ಇಲ್ಲ. ಕನಿಷ್ಠಕ್ಕೆ ಇದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಕೂತು ಒಂದು ಲೆಕ್ಕ ಒಪ್ಪಿದ್ದರು. ದುಡಿಯುವವನು, ಹೆಂಡತಿ, ಇಬ್ಬರು ಮಕ್ಕಳು ಸೇರಿ ಮೂರು ಪಾಲು. ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ ಊಟ. ವರ್ಷಕ್ಕೆ ಮನೆಗೆ 72 ಗಜ ಬಟ್ಟೆ. ಮನೆ ಬಾಡಿಗೆ. ಸೌದೆ, ದೀಪ, ಸಣ್ಣಪುಟ್ಟ ಖರ್ಚಿಗೆ ಒಟ್ಟು ಕೂಲಿಯ ಐದನೇ ಒಂದು ಭಾಗ. 1990ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟು ರೆಪ್ಟಾಕೋಸ್ ಬ್ರೆಟ್ ಮೊಕದ್ದಮೆಯಲ್ಲಿ ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವುಗಳಿಗಾಗಿ ಇನ್ನೂ ಶೇಕಡಾ 25 ಸೇರಿಸಬೇಕು ಎಂದಿತು. ಇದು ಬದುಕುಳಿಯುವ ಲೆಕ್ಕ ಅಷ್ಟೇ, ಸುಖದ್ದಲ್ಲ. ಆ 1957ರ ಮೂರು ಪಾಲಿನಲ್ಲಿ ಅಪ್ಪ ಅಮ್ಮನಿಗೆ ಪಾಲೇ ಇರಲಿಲ್ಲ. ನಮ್ಮ ಹುಡುಗ ಮೊದಲು ಕಳಿಸುವುದೇ ಅವರಿಗೆ!

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ಕೂಲಿ ಏರಿಸುವ ಕರಡು ಹೊರಡಿಸಿದಾಗ ಉದ್ಯಮಿಗಳು ಮುಳುಗಿಹೋದೆವು ಅಂತ ಬೊಬ್ಬೆ ಹಾಕಿದರು. ನಮ್ಮಂಥ ಸಣ್ಣವರೂ ದನಿಗೂಡಿಸಿದೆವು. ಕಾಗದದ ರೇಟು ಏರಿದಾಗ ಗಿರಾಕಿಯ ಹತ್ತಿರ ಧೈರ್ಯವಾಗಿ ಜಾಸ್ತಿ ಕೇಳುವ ನನಗೆ, ಕೂಲಿ ಏರುತ್ತದೆ ಅಂದಾಗ ಮಾತ್ರ ಹೊಟ್ಟೆ ಉರಿಯಿತು.

ಈಗ ನಮ್ಮ ಚಳವಳಿಯವರ ಬುಡಕ್ಕೇ ಬರುತ್ತೇನೆ. ಉದ್ಯೋಗದಲ್ಲಿ ಕನ್ನಡಿಗರಿಗೆ ಆದ್ಯತೆ ಅಂತ ಸರೋಜಿನಿ ಮಹಿಷಿ ವರದಿ 1986ರಲ್ಲಿ ಬಂತು. ಸಿ ಮತ್ತು ಡಿ ಗುಂಪಿನ ಹುದ್ದೆಗಳು ಪೂರ್ತಿ ಕನ್ನಡಿಗರಿಗೆ ಎಂದಿತ್ತು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಪೋಸ್ಟರ್ ಅಚ್ಚು ಹಾಕಿದ್ದೇವೆ ಅಂತ ನಮ್ಮಂಥ ಪ್ರೆಸ್ಸಿನವರಿಗೇ ಗೊತ್ತು. 2024ರ ಜುಲೈ 15ರಂದು ಸಚಿವ ಸಂಪುಟ ಮಸೂದೆಗೆ ಒಪ್ಪಿತು. ಆಡಳಿತ ಹುದ್ದೆಯಲ್ಲಿ ಶೇಕಡಾ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ. ಕಂಪನಿಗಳು ಹುಬ್ಬು ಗಂಟಿಕ್ಕಿದವು. 17ನೇ ತಾರೀಖಿಗೆ ಮಸೂದೆ ಅಟ್ಟ ಹತ್ತಿತು. ಎರಡೇ ದಿನ! ಆ ಹೇಡಿತನಕ್ಕೆ ಬೈದಿದ್ದೇವೆ, ಇನ್ನೂ ಬೈಯೋಣ. ಆದರೆ ಎಷ್ಟು ಜನಕ್ಕೆ ಕೆಲಸ ಅಂತ ಕೂಗಿದ ನಾವು, ಎಷ್ಟು ಸಂಬಳಕ್ಕೆ ಅಂತ ಒಮ್ಮೆಯಾದರೂ ಕೂಗಿದೆವಾ? ನೂರಕ್ಕೆ ನೂರು ವಾಚ್‌ಮನ್ ಕೆಲಸ ಕನ್ನಡಿಗನಿಗೇ ಸಿಕ್ಕಿ, ಹನ್ನೆರಡು ಗಂಟೆ ನಿಂತು ತಿಂಗಳ ಕೊನೆಗೆ 650 ಉಳಿದರೆ ಅದು ಯಾವ ಗೆಲುವು?

"ಕನ್ನಡದವರು ಮೈಗಳ್ಳರು, ಅದಕ್ಕೇ ಒಡಿಶಾ, ಬಿಹಾರದಿಂದ ಕರೆಸುತ್ತೇವೆ" ಅನ್ನುವ ಕಂಟ್ರಾಕ್ಟರನ ಮಾತನ್ನು ನೀವೂ ಕೇಳಿರುತ್ತೀರಿ. ಅವನ ಗುಟ್ಟು ನನ್ನ ಗುಟ್ಟೇ. ಅವನೂ ಊರು ಕೇಳಿಯೇ ಕೂಲಿ ಹೇಳುತ್ತಾನೆ. ಸಿಂದಗಿಗಿಂತ ಬಡವಾದ ಊರು ಹುಡುಕಿಕೊಂಡು ಸಾವಿರ ಮೈಲಿ ಹೋಗಿದ್ದಾನೆ ಅಷ್ಟೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, ಅದೇ ಕೆಲಸ ಮಾಡುವ ಸ್ಥಳೀಯನಿಗಿಂತ ವಲಸಿಗನಿಗೆ ಕಡಿಮೆ ಕೊಡಕೂಡದು ಎಂದಿತ್ತು. ಅದನ್ನು ಪಾಲಿಸಿದ್ದರೆ ಹೊರಗಿನವನನ್ನು ತರಿಸುವ ಲಾಭವೇ ಇರುತ್ತಿರಲಿಲ್ಲ, ನಮ್ಮ ಹುಡುಗನಿಗೆ ಬಾಗಿಲೂ ಮುಚ್ಚುತ್ತಿರಲಿಲ್ಲ. ಶೆಡ್ಡಿನಲ್ಲಿ ಮಲಗುವ ಆ ಬಡಪಾಯಿಯ ಮೇಲೆ ಕೈ ಎತ್ತುವವರು ಈ ಲೆಕ್ಕ ಒಮ್ಮೆ ಹಾಕಲಿ. ಕಾಲರ್ ಹಿಡಿಯುವುದಾದರೆ ಕಂಟ್ರಾಕ್ಟರನದು ಹಿಡಿಯಬೇಕು. ಅವನು ಎಷ್ಟೋ ಸಲ ನಮ್ಮವನೇ, ಕನ್ನಡ ಬಾವುಟ ಕಟ್ಟಿದ ಕಾರಿನಲ್ಲಿ ಓಡಾಡುವವನೇ.

ಟೈ ಕಟ್ಟಿದವರೂ ನಗಬೇಡಿ. ಹತ್ತು ವರ್ಷದಿಂದ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸಬರ ಸಂಬಳ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಬಾಡಿಗೆ ಅಲ್ಲೇ ನಿಂತಿದೆಯಾ?

ನಾನು ಮಾಡಿದ್ದೇನು ಅಂತ ಕೇಳುತ್ತೀರಿ. ಆ ಹುಡುಗನ ಸಂಬಳ ಇಪ್ಪತ್ತು ಮಾಡಿದೆ. ಅವನು ಹೆದರಿಬಿಟ್ಟ. "ಯಾಕ್ರೀ ಸರ, ಏನರ ತಪ್ಪಾತೇನ್ರಿ?" ಅಂದ. ಹೆಚ್ಚು ಕೊಟ್ಟರೂ ತನ್ನಲ್ಲೇ ತಪ್ಪು ಹುಡುಕುವಷ್ಟು ಬಗ್ಗಿಸಿಟ್ಟಿದ್ದೇವೆ ಆ ಕಡೆಯ ಮಕ್ಕಳನ್ನು.

ಹೋದ ವಾರ ಒಂದು ಕನ್ನಡ ಸಂಘದವರು ಉದ್ಯೋಗ ಮೇಳದ ಕರಪತ್ರ ಅಚ್ಚಿಗೆ ತಂದರು. ನಾಲ್ಕು ಸಾವಿರ ಪ್ರತಿ. "ಆಕರ್ಷಕ ಸಂಬಳ" ಅಂತ ದಪ್ಪ ಅಕ್ಷರದಲ್ಲಿತ್ತು. ಎಷ್ಟು ಅಂತ ಅಂಕಿ ಹಾಕಿ ಅಂದೆ. ಜಾಗ ಇಲ್ಲ ಅಂದರು. ಅಧ್ಯಕ್ಷರ ಫೋಟೋ ಅರ್ಧ ಇಂಚು ಚಿಕ್ಕದು ಮಾಡಿದರೆ ಜಾಗ ಆಗುತ್ತದೆ ಅಂದೆ. ಕೇಳಿಕೊಂಡು ಬರುತ್ತೇವೆ ಅಂತ ಹೋದವರು ಇನ್ನೂ ಬಂದಿಲ್ಲ. ಪ್ರೂಫು ನನ್ನ ಮೇಜಿನ ಮೇಲೇ ಬಿದ್ದಿದೆ.