ಪರಸ್ಥಳದ ಕೂಸಿಗೂ ನಮ್ಮ ಅಂಗಳ

ಎರೆಹೊಲದಲ್ಲಿ ಹತ್ತಿ ಬಿಡಿಸುವ ಕಾಲಕ್ಕೂ, ರಸ್ತೆ ಕಟ್ಟಡಗಳ ಕೆಲಸ ನಡೆದಾಗಲೂ ಕೋಟುಮಚಗಿಯಂಥ ಊರುಗಳಲ್ಲಿ ಪರಸ್ಥಳದ ಕೂಲಿಯ ಕುಟುಂಬಗಳು ಬಂದಿಳಿಯುವದನ್ನು ನಮ್ಮ ವಾಚಕರು ಕಂಡವರೇ. ತಾಯಿಯು ಕೆಲಸಕ್ಕೆ ಹೋಗುವಳು. ಎಂಟು ವರುಷದ ಹುಡುಗಿಯು ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು, ತಂಗಿಯ ಕೈಹಿಡಿದು ಬದುವಿನ ಮೇಲೆ ಕುಳಿತಿರುವಳು. ಊರೊಳಗೆ ಅಂಗನವಾಡಿಯು ನಡೆದೇ ಇರುವದು. ಆ ಚಿಕ್ಕವರು ಅಲ್ಲಿ ಯಾಕಿಲ್ಲವೆಂದು ಕೇಳಿದರೆ, “ಅವರು ನಮ್ಮೂರವರಲ್ಲ, ಎರಡು ತಿಂಗಳಿಗೆ ಹೋಗುವವರು” ಎಂಬ ಉತ್ತರವು ಬರುವದು. ಈ ಉತ್ತರವನ್ನು ನಾವು ಒಪ್ಪಲಾರೆವು.

ಕಾಯಿದೆಯೂ ಅದನ್ನು ಒಪ್ಪುವದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಆರು ತಿಂಗಳಿಂದ ಆರು ವರುಷದ ವರೆಗಿನ ಪ್ರತಿಯೊಂದು ಮಗುವಿಗೂ ಸ್ಥಳೀಯ ಅಂಗನವಾಡಿಯ ಮುಖಾಂತರ ಪುಕ್ಕಟೆಯಾಗಿ ಆಹಾರವನ್ನು ಕೊಡತಕ್ಕದ್ದೆಂದು ವಿಧಿಸಿದೆ. ಹಾಜರಿ ಪುಸ್ತಕದ ಮೇಲಿನ ಪ್ರೀತಿಯು ಶಿಕ್ಷಕಿಯರಾದ ನಮಗೂ ಕಡಿಮೆಯಿಲ್ಲ; ಆದರೂ ಮೊದಲು ಕೂಸು ಒಳಗೆ ಬರಲಿ, ಆಮೇಲೆ ಕಾಗದಪತ್ರ.

ಅಂಗನವಾಡಿಯ ಹುಟ್ಟೇ ಹೀಗೆ ಆದದ್ದು. ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಕೆಲಸವನ್ನಾರಂಭಿಸಿದಾಗ ಬಡವರ ಮಕ್ಕಳು ಬಾಲವಾಡಿಯ ಕಡೆಗೆ ಬರಲಿಲ್ಲ. ಅವರು ಮಕ್ಕಳನ್ನು ದೂರಲಿಲ್ಲ. ಅನುತಾಯಿ ವಾಘರೊಡನೆ ಶಾಲೆಯನ್ನೇ ಆ ಓಣಿಯ ಅಂಗಳಕ್ಕೆ ಒಯ್ದರು. 1975ರ ಅಕ್ಟೋಬರ 2ರಂದು ಸರಕಾರವು ದೇಶದ 33 ಕಡೆ ಮಕ್ಕಳ ಅಭಿವೃದ್ಧಿ ಯೋಜನೆಯನ್ನು ಆರಂಭಿಸಿ, ಅಂಗನವಾಡಿಯನ್ನು ಊರೂರಿಗೆ ತಂದಿತು. ಅಂಗಳವೆಂಬ ಹೆಸರನ್ನು ಇಟ್ಟುಕೊಂಡು ಬಾಗಿಲನ್ನು ಹಾಕುವದು ಸರಿಯೇ?

ನಮ್ಮ ಜನರೂ ಪರಸ್ಥಳದವರಾಗಿ ಬಾಳುತ್ತಿರುವರು. ಗದಗ, ಬಾಗಲಕೋಟೆ, ವಿಜಯಪುರ ಸೀಮೆಯ ಎಷ್ಟೋ ಮನೆಗಳವರು ಗೋವೆಯ ವಾಸ್ಕೋದಲ್ಲಿಯೂ ಮಂಗಳೂರಿನಲ್ಲಿಯೂ ದುಡಿಯುವರು. ನಮ್ಮ ಮೊಮ್ಮಗಳು ಅಲ್ಲಿಯ ಕೊಂಕಣಿ ಬಾಲವರ್ಗದಲ್ಲಿ “ನೀರು” ಎಂದು ಬೇಡಿದಾಗ ಯಾರಿಗೂ ತಿಳಿಯದೆ ಹೋದರೆ ನಮ್ಮ ಕರುಳು ಚುರುಕೆನ್ನದೇ? ಇಲ್ಲಿಗೆ ಬರುವ ತಾಂಡಾದ ಕೂಸಿಗೆ ತಾಯಿ ‘ಯಾಡಿ’, ರೊಟ್ಟಿ ‘ಬಾಟಿ’, ನೀರು ‘ಪಾಣಿ’. ಇಂಥ ನಾಲ್ಕೈದು ಮಾತುಗಳನ್ನು ಕಲಿಯಲು ಒಂದು ಮಧ್ಯಾಹ್ನವು ಸಾಕು. ಮೊದಲ ವಾರ ತಾಯಿಯಾಗಲಿ ಅಕ್ಕನಾಗಲಿ ಸ್ವಲ್ಪ ಹೊತ್ತು ಬಳಿಯಲ್ಲಿ ಕುಳ್ಳಿರಲಿ. ಹೊಸ ಭಾಷೆಯ ನಡುವೆ ಕೂಸು ಕೆಲವು ವಾರ ಬಾಯಿ ಬಿಡದಿರುವದು ಸಹಜವು. ಅದನ್ನು ದಡ್ಡತನವೆಂದು ಬರೆದಿಡಬಾರದು. ಮಾತು ಬಾರದ ಮಗುವೂ ಅಭಿನಯಗೀತಕ್ಕೆ ಕೈಯೆತ್ತುವದು.

ಹೈಸ್ಕೂಲಿನವರಿಗೆ ಈ ಚಿಕ್ಕ ಮಕ್ಕಳ ಉಸಾಬರಿ ಯಾಕೆಂದು ಕೆಲವರು ಕೇಳಬಹುದು. ಬದುವಿನ ಮೇಲಿನ ಆ ಎಂಟು ವರುಷದ ಹುಡುಗಿಗಾಗಿಯೇ ನಾವು ಬರೆಯುತ್ತಿರುವದು. ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಸಿಕ್ಕದ ಹೊರತು ಅವಳು ಮೂರನೆಯ ಇಯತ್ತೆಯನ್ನು ಕಾಣಲಾರಳು, ನಮ್ಮ ಹೈಸ್ಕೂಲಿನ ಮಾತು ದೂರವೇ ಉಳಿಯಿತು. ಅಂಗನವಾಡಿಯು ತಾಯಿಯ ಕೂಲಿಗಿಂತ ಮೊದಲೇ ಮುಚ್ಚುವದೆಂಬದು ನಿಜ. 2023-24ರಲ್ಲಿ ನಮ್ಮ ರಾಜ್ಯವು 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿತು; ಅವುಗಳಲ್ಲಿಯೂ ಈ ಕುಟುಂಬಗಳಿಗೆ ಎಡೆಯನ್ನು ಕೇಳಬೇಕಾಗಿದೆ.

ಊರ ಮಕ್ಕಳ ಪಾಲಿನ ಆಹಾರವು ಕಡಿಮೆಯಾಗುವದೆಂಬ ಪಾಲಕರ ಭಯವನ್ನು ನಾವು ಹಗುರಾಗಿ ಎಣಿಸುವದಿಲ್ಲ. ಎಣಿಕೆಯಲ್ಲಿ ಸೇರದ ಮಕ್ಕಳನ್ನು ಕೂಡಿಸಿದರೆ ಪಾಲು ಕಡಿಮೆಯಾಗುವದೇ. ಆದುದರಿಂದ ಎಣಿಕೆಯನ್ನೇ ತಿದ್ದಿಸಬೇಕು. ಕಾರ್ಯಕರ್ತೆಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಅಲ್ಪ ಗೌರವಧನ, ಬೆಟ್ಟದಷ್ಟು ದಾಖಲೆ. ಎಲ್ಲವನ್ನೂ ಅವರ ತಲೆಗೇ ಕಟ್ಟುವದು ನ್ಯಾಯವಲ್ಲ. ಬಾಲವಿಕಾಸ ಸಮಿತಿಯಲ್ಲಿರುವ ತಾಯಂದಿರು ಗುಡಿಸಲು ಬಿದ್ದ ವಾರದಲ್ಲಿಯೇ ಅಲ್ಲಿಗೆ ಹೋಗಿ, ಮಕ್ಕಳ ಹೆಸರು ವಯಸ್ಸುಗಳನ್ನು ಬರೆದುಕೊಂಡು ಮೇಲ್ವಿಚಾರಕಿಯರಿಗೆ ಮುಟ್ಟಿಸಲಿ. ಬರುವ ಹತ್ತಿಯ ಸುಗ್ಗಿಗೆ ಇನ್ನೂ ಸಮಯವಿದೆ.