ಅರಸು ಬದಲಾದಾಗ ನೌಕರನ ಧರ್ಮ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಸುಲ್ತಾನನು ರಣದಲ್ಲಿ ಮಡಿದನು. ಎರಡು ತಿಂಗಳು ತುಂಬುವ ಮೊದಲೇ, ಜೂನ್ 30ರಂದು, ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಧ್ವಜ ಬದಲಾಯಿತು, ವಂಶ ಬದಲಾಯಿತು, ರಾಜಧಾನಿಯೂ ಬದಲಾಯಿತು. ಆದರೆ ದಿವಾನಗಿರಿ ದೊರೆತದ್ದು ಹೊಸಬನಿಗಲ್ಲ. ಹೈದರನ ಕಾಲದಿಂದಲೂ ರಾಜ್ಯದ ಲೆಕ್ಕಪತ್ರವನ್ನು ಬಲ್ಲ ಪೂರ್ಣಯ್ಯನವರಿಗೆ. 1782ರಲ್ಲಿ ಹೈದರನು ತೀರಿಕೊಂಡಾಗ ಆ ಸುದ್ದಿಯನ್ನು ಗುಟ್ಟಾಗಿರಿಸಿ, ಟಿಪ್ಪುವು ಬರುವವರೆಗೆ ಸೈನ್ಯವನ್ನು ಚದುರದಂತೆ ಕಾದವರಲ್ಲಿ ಅವರೂ ಒಬ್ಬರು. ಇದನ್ನು ಕೆಲವರು ರಾಜ್ಯನಿಷ್ಠೆಯೆಂದು ಹೊಗಳುವರು. ಕೆಲವರು ಗೆದ್ದೆತ್ತಿನ ಬಾಲ ಹಿಡಿದ ಜಾಣತನವೆಂದು ಹಳಿಯುವರು. ತೀರ್ಪು ಏನೇ ಇರಲಿ, ಆಳುವವನು ಬದಲಾದಾಗ ಆಳಿಕೆಯ ಕೆಲಸ ಮಾಡುವವನು ಯಾರಿಗೆ ನಿಷ್ಠನಾಗಿರಬೇಕು ಎಂಬ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ.

ಆ ಪ್ರಶ್ನೆಯು ಇಂದು ಪುನಃ ಅದೇ ನೆಲದಲ್ಲಿ ಎದ್ದುನಿಂತಿದೆ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದಲ್ಲಿ ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ ಎಂದು ನಾಲ್ಕು ತಾಲ್ಲೂಕುಗಳು. 2018ರ ಚುನಾವಣೆಯಲ್ಲಿ ಈ ನಾಲ್ಕೂ ಕಡೆ ಗೆದ್ದದ್ದು ಜನತಾದಳ ಒಂದೇ. 2019ರ ಜುಲೈನಲ್ಲಿ ಸರಕಾರ ಉರುಳಿತು. ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಕೃಷ್ಣರಾಜಪೇಟೆಯು ಭಾರತೀಯ ಜನತಾ ಪಕ್ಷದ ಪಾಲಾಯಿತು. 2023ರಲ್ಲಿ ಶ್ರೀರಂಗಪಟ್ಟಣ ಮತ್ತು ನಾಗಮಂಗಲಗಳನ್ನು ಕಾಂಗ್ರೆಸ್ಸು ಗೆದ್ದಿತು. ಪಾಂಡವಪುರವನ್ನೊಳಗೊಂಡ ಮೇಲುಕೋಟೆ ಕ್ಷೇತ್ರವು ರೈತಸಂಘದ ಮೂಲದ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಬಂದಿತು. ಕೃಷ್ಣರಾಜಪೇಟೆಯು ಮರಳಿ ಜನತಾದಳಕ್ಕೆ ಒಲಿಯಿತು. 2018ರ ಮೇ ತಿಂಗಳಿಂದ 2023ರ ಮೇ ತಿಂಗಳವರೆಗೆ, ಐದು ವರ್ಷಗಳಲ್ಲಿ, ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ, ಸಿದ್ದರಾಮಯ್ಯ ಎಂದು ನಾಲ್ವರು ಮುಖ್ಯಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ಒಂದೇ ಕಚೇರಿಯಲ್ಲಿ ಕುಳಿತ ಉಪವಿಭಾಗಾಧಿಕಾರಿಯು ಹೀಗೆ ಮೂರು ಪಕ್ಷಗಳ ಶಾಸಕರ ಮಾತಿಗೆ ಕಿವಿಗೊಡಬೇಕಾಗಿ ಬಂದಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯ ಅರ್ಥ ಅವರಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು?

ಸರಕಾರ ಬದಲಾದಾಗ ನೌಕರನಿಗಾಗುವ ಭಯ ಯಾವುದು? ಕೆಲಸ ಹೋದೀತೆಂಬ ಭಯವಲ್ಲ. ನಮ್ಮ ಸಂವಿಧಾನದ 310ನೆಯ ಅನುಚ್ಛೇದವು ನೌಕರನು ರಾಷ್ಟ್ರಪತಿಯ ಅಥವಾ ರಾಜ್ಯಪಾಲರ ಇಚ್ಛೆಯಿರುವವರೆಗೆ ಸೇವೆಯಲ್ಲಿರತಕ್ಕದ್ದೆಂದು ಹಳೆಯ ಅರಸೊತ್ತಿಗೆಯ ಭಾಷೆಯಲ್ಲಿ ನುಡಿದರೂ, ಮರುಗಳಿಗೆಯೇ 311ನೆಯದು ಆ ಇಚ್ಛೆಗೆ ಕಡಿವಾಣ ಹಾಕಿದೆ: ಆರೋಪವನ್ನು ತಿಳಿಸದೆ, ವಿಚಾರಣೆ ನಡೆಸದೆ, ಯಾರನ್ನೂ ವಜಾ ಮಾಡುವಂತಿಲ್ಲ, ಕೆಲವು ಅಪವಾದಗಳುಂಟು, ಅಷ್ಟೆ. ಪೂರ್ಣಯ್ಯನವರಿಗೆ ಇಂತಹ ಆಸರೆಯಿರಲಿಲ್ಲ. ಅವರ ಅಧಿಕಾರ ಗೆದ್ದವರ ಕೃಪೆಯಿಂದ ಬಂದದ್ದು. ಇಂದಿನ ಸಾಮಾನ್ಯ ಗುಮಾಸ್ತನು ಈ ಒಂದು ವಿಷಯದಲ್ಲಿ ಆ ಮಹಾ ದಿವಾನರಿಗಿಂತ ಭಾಗ್ಯವಂತನು.

ಆದರೆ 311ನೆಯ ಅನುಚ್ಛೇದವು ವಜಾದಿಂದ ಕಾಯುವುದೇ ಹೊರತು ವರ್ಗಾವಣೆಯಿಂದಲ್ಲ. ವರ್ಗಾವಣೆಯು ಶಿಕ್ಷೆಯಲ್ಲ, ಸೇವೆಯ ಒಂದು ಅಂಗ ಎಂಬುದು ನ್ಯಾಯಾಲಯಗಳ ಸ್ಥಿರವಾದ ನಿಲುವು. ದುರುದ್ದೇಶ ಅಥವಾ ನಿಯಮಭಂಗ ಸಿದ್ಧವಾದ ಹೊರತು ಅವು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಆದುದರಿಂದ ಅಸ್ತ್ರವಿರುವುದು ಅಲ್ಲಿಯೇ. ಮಕ್ಕಳ ಪರೀಕ್ಷೆ ಸಮೀಪಿಸಿರುವಾಗ, ಮುದಿ ತಾಯಿ ಹಾಸಿಗೆ ಹಿಡಿದಿರುವಾಗ, ಜಿಲ್ಲೆಯ ಇನ್ನೊಂದು ಅಂಚಿಗೆ ಆಜ್ಞೆ ಬರುತ್ತದೆ. ಕೆಲವೊಮ್ಮೆ ಸ್ಥಳವನ್ನೇ ತೋರಿಸದೆ ಬಿಡುಗಡೆಯಾಗುತ್ತದೆ. ನೌಕರನು ಸಂಬಳಕ್ಕೂ ಸ್ಥಾನಕ್ಕೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಇದನ್ನು ಕಂಡ ಉಳಿದವರು ಪಾಠ ಕಲಿಯುತ್ತಾರೆ: ಕಡತಕ್ಕಿಂತ ಕಾರ್ಯಕರ್ತನ ಮುಖವನ್ನು ಮೊದಲು ನೋಡಬೇಕು.

ಈ ಪಾಠದ ಬೆಲೆಯನ್ನು ತೆರುವವನು ರೈತ. ತಂದೆ ತೀರಿಹೋದ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಿದವನು, ಪೋಡಿಗಾಗಿ ಮೋಜಣಿದಾರನನ್ನು ಕಾಯುತ್ತಿರುವವನು, ತಾನು ಯಾರಿಗೆ ಮತ ಹಾಕಿದೆನೆಂಬುದನ್ನು ಯಾರಾದರೂ ಲೆಕ್ಕ ಇಟ್ಟಿರುವರೋ ಎಂದು ಅಳುಕುತ್ತಾನೆ. ಹಳಬನು ಹೋಗಿ ಹೊಸಬನು ಬಂದನೆಂದರೆ ಅವನ ಅರ್ಜಿಯ ಕಥೆ ಮತ್ತೆ ಮೊದಲಿನಿಂದ. ಗೊತ್ತಾದ ಅವಧಿಯಲ್ಲಿ ಸೇವೆ ಒದಗಿಸಬೇಕೆಂದು ‘ಸಕಾಲ’ದ ಕಾನೂನು 2011ರಲ್ಲಿಯೇ ವಿಧಿಸಿದೆ; ಆದರೆ ಕುರ್ಚಿಯಲ್ಲಿ ನೆಲೆನಿಲ್ಲದ ಅಧಿಕಾರಿಯಿಂದ ಕಾಲದ ಲೆಕ್ಕವನ್ನು ಕೇಳುವುದೆಂತು?

ಪರಿಹಾರದ ಮಾರ್ಗ ಅಜ್ಞಾತವಲ್ಲ. 2013ರ ಅಕ್ಟೋಬರ್ 31ರಂದು ಟಿ. ಎಸ್. ಆರ್. ಸುಬ್ರಮಣಿಯನ್ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡು ಮುಖ್ಯ ಮಾತುಗಳನ್ನು ಹೇಳಿತು: ಅಧಿಕಾರಿಗಳಿಗೆ ಕನಿಷ್ಠ ಅವಧಿಯ ಭದ್ರತೆ ಇರಬೇಕು; ಬಾಯಿಮಾತಿನ ಅಪ್ಪಣೆಗಳನ್ನು ಬರಹದಲ್ಲಿ ದಾಖಲಿಸಬೇಕು. ಅದೇ ವರ್ಷ ನಮ್ಮ ರಾಜ್ಯದ ಮಾರ್ಗಸೂಚಿಯೂ ಹೊರಬಿದ್ದು, ಅವಧಿಗೆ ಮುಂಚಿನ ವರ್ಗಾವಣೆಗೆ ಮುಖ್ಯಮಂತ್ರಿಗಳ ಪೂರ್ವಾನುಮೋದನೆಯನ್ನು ವಿಧಿಸಿತು. ಅಪರೂಪವಾಗಿರಬೇಕಾದುದಕ್ಕೆ ಇಟ್ಟ ಈ ಬಾಗಿಲೇ ಹೆದ್ದಾರಿಯಾಗಬಾರದು. ಶಾಲಾ ಶಿಕ್ಷಕರ ವಿಷಯದಲ್ಲಿ ಮಾತ್ರ ನಾಡು ಒಂದು ಹೆಜ್ಜೆ ಮುಂದೆ ಹೋಯಿತು. 2007ರಲ್ಲಿ, ಪುನಃ 2020ರಲ್ಲಿ, ಶಾಸನವನ್ನೇ ಮಾಡಿ, ಆದ್ಯತೆಯ ಪಟ್ಟಿ ಮತ್ತು ಕೌನ್ಸೆಲಿಂಗಿನ ಮೂಲಕ ಸ್ಥಳ ಹಂಚುವ ಕ್ರಮವನ್ನು ತಂದಿತು. ಅದರಲ್ಲಿಯೂ ಗೊಣಗಾಟ ಉಂಟು. ಆದರೆ ಎಲ್ಲರ ಕಣ್ಣೆದುರಿನ ಪಟ್ಟಿಯು ಯಾರದೋ ಜೇಬಿನಲ್ಲಿರುವ ಚೀಟಿಗಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ. ಕಂದಾಯ ಇಲಾಖೆಗೂ ಪಂಚಾಯಿತಿಗಳಿಗೂ ಈ ಮಾದರಿಯು ಶಾಸನದ ಬಲದೊಡನೆ ಬರಬೇಕು.

ಇಷ್ಟರಿಂದಲೇ ನೌಕರನು ನಿರ್ದೋಷಿಯಾದನೆಂದಲ್ಲ. ತನ್ನ ಸೇವಾ ವಿಷಯದಲ್ಲಿ ಹೊರಗಿನ ಪ್ರಭಾವವನ್ನು ತರಬಾರದೆಂದು ನಡತೆ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಆದರೂ ಶಾಸಕರ ಶಿಫಾರಸು ಪತ್ರಕ್ಕಾಗಿ ಬೆಳಗಾಗುವ ಮುನ್ನವೇ ಅವರ ಮನೆಯ ಅಂಗಳದಲ್ಲಿ ನಿಲ್ಲುವವರು ಯಾರು? ಗೆದ್ದವರಿಗೆ ಮೊದಲ ಹಾರ ಹಾಕಲು ನೂಕಾಡುವವರು ಯಾರು? ಒಬ್ಬರ ಪತ್ರದಿಂದ ಕುರ್ಚಿ ಹಿಡಿದವನು ಇನ್ನೊಬ್ಬರ ಪತ್ರದಿಂದ ಅದನ್ನು ಕಳೆದುಕೊಂಡಾಗ ಅನ್ಯಾಯವೆಂದು ಕೂಗಲು ಅವನಿಗೆ ದನಿಯೆಲ್ಲಿ?

ಚುನಾಯಿತರ ನ್ಯಾಯವಾದ ಹಕ್ಕನ್ನೂ ಅಲ್ಲಗಳೆಯಲಾಗದು. ಜನರು ಸರಕಾರವನ್ನು ಬದಲಾಯಿಸುವುದು ನೀತಿ ಬದಲಾಗಲೆಂದೇ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆತಾಗ ಅದನ್ನು ಮನೆಮನೆಗೆ ಮುಟ್ಟಿಸಬೇಕಾಗಿದ್ದವರು ಹಿಂದಿನ ಸರಕಾರದ ಯೋಜನೆಗಳನ್ನು ನಡೆಸಿದ್ದ ನೌಕರರೇ. ಹಳೆಯದರಲ್ಲಿ ಪ್ರೀತಿಯಿದ್ದವನು ಹೊಸದನ್ನು ಬೇಕೆಂದೇ ತಡೆಹಿಡಿದರೆ ಅದು ಮತದಾರನಿಗೆ ಬಗೆದ ದ್ರೋಹ. ನೀತಿಯನ್ನು ಹೇಳುವ ಹಕ್ಕು ಮಂತ್ರಿಯದು. ನಿಯಮವನ್ನು ತೋರಿಸುವ ಕರ್ತವ್ಯ ಅಧಿಕಾರಿಯದು. ಯಾರ ಅರ್ಜಿ ಮೊದಲು ಎಂಬುದನ್ನು ಕಡತದ ಕ್ರಮಸಂಖ್ಯೆ ಹೇಳಬೇಕು.

ಇದಕ್ಕೆ ಕಚೇರಿಯೊಳಗೇ ಮಾಡಬಹುದಾದ ಸಣ್ಣ ಕೆಲಸಗಳುಂಟು. ಪ್ರಭಾರ ವಹಿಸಿಕೊಡುವಾಗ ಬಾಕಿ ಕಡತಗಳ ಪಟ್ಟಿಯನ್ನೂ ಪ್ರತಿಯೊಂದು ನಿಂತಿರುವ ಹಂತವನ್ನೂ ಬರೆದಿಡುವುದು. ಫೋನಿನಲ್ಲಿ ಬಂದ ಅಪ್ಪಣೆಯನ್ನು ಅಂದೇ ಟಿಪ್ಪಣಿಯಲ್ಲಿ ಕಾಣಿಸುವುದು. ಒತ್ತಡ ಬಂದಾಗ ಮೇಲಧಿಕಾರಿಯು ಕಿರಿಯನ ಹಿಂದೆ ಅಡಗದೆ ಮುಂದೆ ನಿಲ್ಲುವುದು. ನೌಕರರ ಸಂಘವು ಸನ್ಮಾನ ಸಮಾರಂಭಗಳ ಬದಲು ಅನ್ಯಾಯದ ವರ್ಗಾವಣೆಗೆ ಸಿಕ್ಕಿದವನೊಡನೆ ಆಡಳಿತ ನ್ಯಾಯಮಂಡಳಿಯವರೆಗೂ ಹೋಗುವುದು. ಭಯಪಡುವವನು ಒಂಟಿಯಲ್ಲವೆಂದು ತಿಳಿದರೆ ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಕವಿ ಕೆ. ಎಸ್. ನರಸಿಂಹಸ್ವಾಮಿಯವರು ಸರಕಾರಿ ಗುಮಾಸ್ತರಾಗಿದ್ದರು. ಮಹಾರಾಜರ ಆಳ್ವಿಕೆ, 1947ರ ಜವಾಬ್ದಾರಿ ಸರಕಾರ, 1956ರ ಏಕೀಕರಣ ಎಲ್ಲವನ್ನೂ ಅವರ ತಲೆಮಾರಿನ ಗುಮಾಸ್ತರು ತಮ್ಮ ಮೇಜಿನ ಮುಂದೆ ಕುಳಿತೇ ಕಂಡರು. ಅಂಥವರ ಹೆಸರನ್ನು ಚರಿತ್ರೆ ಬರೆಯುವುದಿಲ್ಲ. ಆದರೆ ಅವರು ಕಟ್ಟಿಟ್ಟ ಕಡತದಿಂದ ಯಾರದೋ ಹೊಲದ ಎಲ್ಲೆ ಇಂದಿಗೂ ಉಳಿದಿದೆ. ಮುಂದಿನ ಚುನಾವಣೆಯಲ್ಲಿ ಯಾರೇ ಗೆಲ್ಲಲಿ, ನಾಗಮಂಗಲದ ಒಬ್ಬ ವಿಧವೆಯು ತನ್ನ ಪಿಂಚಣಿಯ ಅರ್ಜಿಯನ್ನು ಹಿಡಿದು ಮರುದಿನ ಕಚೇರಿಗೆ ಬರುವಳು. ಆಗ ಮೇಜಿನ ಹಿಂದಿರುವವನು ಅವಳ ಊರು ಯಾವ ಪಕ್ಷದ್ದೆಂದು ಕೇಳದೆ ಅರ್ಜಿಗೆ ಕೈಚಾಚುವಂತಾದರೆ ಸಾಕು.